ತಾಂತ್ರಿಕ ಲಕೋಟೆ ತೆರೆದ ದಿನ

18 ಮಾರ್ಚ್ 2025, ಮಂಗಳವಾರ

ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ಪ್ರಯೋಗಾಲಯಗಳಿಗೆ ಗಾಜಿನ ಉಪಕರಣಗಳನ್ನು ಸರಬರಾಜು ಮಾಡುವ ಟೆಂಡರಿನ ತಾಂತ್ರಿಕ ಬಿಡ್‌ಗಳನ್ನು, ಅಂದರೆ ದರವನ್ನು ಬಿಟ್ಟು ಉಳಿದ ದಾಖಲೆಗಳನ್ನು, ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ತೆರೆದರು. ಬಿಡ್ ಸಲ್ಲಿಸಿದವರು ಐವರು, ದಾಖಲೆಗಳ ಪರಿಶೀಲನೆ ಮುಗಿಯುವಷ್ಟರಲ್ಲಿ ಉಳಿದವರು ಮೂವರು, ಅವರಲ್ಲಿ ನಾವೂ ಒಬ್ಬರು. ಒಬ್ಬರ ಮುಂಗಡ ಠೇವಣಿಯ ಬ್ಯಾಂಕ್ ಖಾತರಿಯ ಅವಧಿ ಬಿಡ್‌ನ ಅವಧಿಗಿಂತ ಮೊದಲೇ ಮುಗಿಯುತ್ತಿತ್ತು. ಇನ್ನೊಬ್ಬರು ತಯಾರಕರ ಅಧಿಕಾರ ಪತ್ರವನ್ನೇ, ಅಂದರೆ ತಮ್ಮ ಸರಕನ್ನು ಇವರು ಮಾರಬಹುದೆಂದು ತಯಾರಕರು ಬರೆದುಕೊಡುವ ಪತ್ರವನ್ನೇ, ಲಗತ್ತಿಸಿರಲಿಲ್ಲ. ಇಬ್ಬರ ಸರಕೂ ಹೇಗಿತ್ತೆಂದು ಯಾರೂ ನೋಡಲಿಲ್ಲ, ನೋಡುವ ಅವಕಾಶವೂ ಸಮಿತಿಗೆ ಇರಲಿಲ್ಲ. ಈಗ ಎಲ್ಲವೂ ಜಾಲತಾಣಕ್ಕೆ ಏರಿಸಿದ ಕಡತಗಳೇ ಆಗಿದ್ದರೂ ನಮ್ಮ ಬಾಯಲ್ಲಿ ಅದು ಇನ್ನೂ ಲಕೋಟೆಯೇ. ದರದ ಲಕೋಟೆಯನ್ನು ತೆರೆಯುವ ದಿನಾಂಕವನ್ನು ಮುಂದೆ ತಿಳಿಸುತ್ತಾರಂತೆ.

ಹೊರಬಿದ್ದವರನ್ನು ನೋಡಿ ಸಮಾಧಾನಪಟ್ಟುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ಎರಡು ವರ್ಷದ ಹಿಂದೆ ಕಾಲೇಜೊಂದರ ಟೆಂಡರಿನಲ್ಲಿ ದರಪಟ್ಟಿಯ ಒಂದು ಹಾಳೆಯನ್ನು ತಾಂತ್ರಿಕ ದಾಖಲೆಗಳ ಜೊತೆಗೆ ಏರಿಸಿದ್ದವನು ನಾನೇ. ಗುಣಮಟ್ಟಕ್ಕೆ ಅಂಕ ಕೊಡುವವರ ಕಣ್ಣಿಗೆ ದರ ಬೀಳಬಾರದೆಂಬುದಕ್ಕಾಗಿಯೇ ಎರಡು ಲಕೋಟೆಯ ಪದ್ಧತಿ ಇರುವಾಗ, ನಮ್ಮ ಬಿಡ್ಡನ್ನು ಆ ಕ್ಷಣವೇ ತಳ್ಳಿಹಾಕಿದ್ದರಲ್ಲಿ ಯಾವ ಅನ್ಯಾಯವೂ ಇರಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ರೂಢಿ ಬಂದಿದೆ. ಬಿಡ್ ಸಿದ್ಧಪಡಿಸಿದವರಲ್ಲದೆ ಬೇರೆಯೊಬ್ಬರು ಟೆಂಡರ್ ಪುಸ್ತಕವನ್ನು ಮೊದಲ ಪುಟದಿಂದ ಓದಿ, ‘ಸಲ್ಲಿಸತಕ್ಕದ್ದು’, ‘ದೃಢೀಕರಿಸತಕ್ಕದ್ದು’ ಎಂಬ ಪ್ರತಿಯೊಂದು ‘ತಕ್ಕದ್ದು’ವಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದಕ್ಕೆ ನಮ್ಮ ಕಡತದ ಯಾವ ಪುಟ ಉತ್ತರವಾಗಿದೆ ಎಂದು ಪಕ್ಕದಲ್ಲಿ ಬರೆಯಬೇಕು. ಈ ಸಲದ ಪುಸ್ತಕದಲ್ಲಿ 61 ‘ತಕ್ಕದ್ದು’ಗಳಿದ್ದವು. ಬೇಸರದ ಕೆಲಸ, ಆದರೆ ಗೆಲ್ಲುವುದಕ್ಕೆ ಮೊದಲು ಕಣದಲ್ಲಿ ಉಳಿಯಬೇಕಲ್ಲ.

ಸಮಯದ ಲೆಕ್ಕವನ್ನೂ ಬರೆದಿಡುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಯ ಸರಕಾರಿ ಖರೀದಿ ಒಪ್ಪಂದ, 2014ರಲ್ಲಿ ಜಾರಿಗೆ ಬಂದ ಅದರ ಪರಿಷ್ಕೃತ ರೂಪದಲ್ಲಿ, ಮುಕ್ತ ಟೆಂಡರಿಗೆ ಸಾಮಾನ್ಯವಾಗಿ ಕನಿಷ್ಠ 40 ದಿನಗಳ ಕಾಲಾವಕಾಶ ಇರಬೇಕೆನ್ನುತ್ತದೆ. ಪ್ರಕಟಣೆ, ದಾಖಲೆ, ಸಲ್ಲಿಕೆ ಮೂರೂ ವಿದ್ಯುನ್ಮಾನವಾಗಿದ್ದರೆ ಒಂದೊಂದಕ್ಕೂ 5 ದಿನ ಕಡಿತ ಮಾಡಬಹುದು. ನಲವತ್ತು ದಿನ ಎಂದರೆ ಕೇಳುವುದಕ್ಕೆ ಧಾರಾಳ. ತಯಾರಕರಿಂದ ಅಧಿಕಾರ ಪತ್ರ ತರಿಸುವುದಕ್ಕೆ ಎರಡು ವಾರ, ಬ್ಯಾಂಕ್ ಖಾತರಿಗೆ ಒಂದು ವಾರ, ಮಾದರಿಗಳು ಬರುವುದಕ್ಕೆ ಮತ್ತೊಂದು ವಾರ ಹೋದ ಮೇಲೆ ಯೋಚಿಸುವುದಕ್ಕೆಂದು ಉಳಿಯುವುದು ಬೆರಳೆಣಿಕೆಯ ದಿನಗಳು. ಆದ್ದರಿಂದ ಯೋಚನೆಯ ಕೆಲಸವನ್ನು ಪ್ರಕಟಣೆಗೆ ಮೊದಲೇ ಮುಗಿಸಿಕೊಳ್ಳಬೇಕಾಗುತ್ತದೆ.

ನಾನು ಅದನ್ನು ಮುಗಿಸಿಕೊಂಡದ್ದು ಕಳೆದ ವರ್ಷ ಅದೇ ವಿಭಾಗಕ್ಕೆ ಒಂದು ಸಣ್ಣ ಸರಬರಾಜಿಗೆಂದು ಹೋಗಿದ್ದಾಗ. ಪ್ರಯೋಗಾಲಯದ ಸಹಾಯಕರು ಒಂದು ಖಾನೆಯನ್ನು ಎಳೆದು ತೋರಿಸಿದರು. ಒಳಗೆ ಬ್ಯೂರೆಟ್‌ಗಳನ್ನು, ಅಂದರೆ ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗೆರೆ ಹಾಕಿದ ಗಾಜಿನ ಕೊಳವೆಗಳನ್ನು, ಸಾಲಾಗಿ ಮಲಗಿಸಿದ್ದರು. ಅವುಗಳಲ್ಲಿ ಒಂದರ ಸ್ಟಾಪ್‌ಕಾಕ್, ಅಂದರೆ ಕೆಳತುದಿಯ ತಿರುಗಿಸುವ ಬಿರಡೆ, ಕೂಡ ತಿರುಗುತ್ತಿರಲಿಲ್ಲ. ವಿದ್ಯಾರ್ಥಿಗಳು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ, ಕ್ಷಾರವು ಗಾಜಿನ ಉಜ್ಜಿದ ಮೈಯನ್ನು ತಿನ್ನುತ್ತದೆ, ಗ್ರೀಸ್ ಒಣಗುತ್ತದೆ, ಬಿರಡೆ ತನ್ನ ಗೂಡಿನಲ್ಲಿ ಕಚ್ಚಿ ಕೂರುತ್ತದೆ. ಬಲವಾಗಿ ತಿರುಗಿಸಿದರೆ ಮುರಿಯುತ್ತದೆ. ಟೆಫ್ಲಾನ್ ಬಿರಡೆಗೆ ಗ್ರೀಸ್ ಬೇಡ, ಕ್ಷಾರಕ್ಕೆ ಅದು ಕಚ್ಚುವುದೂ ಇಲ್ಲ. ಖರೀದಿ ವಿಭಾಗದಲ್ಲಿ ಈ ಖಾನೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಈ ವರ್ಷ ಟೆಂಡರ್ ಬಂದಾಗ ಅದರಲ್ಲಿ ಇದ್ದದ್ದು ಇಷ್ಟೇ: ‘50 ಮಿಲೀ ಬ್ಯೂರೆಟ್, ಉತ್ತಮ ಗುಣಮಟ್ಟದ್ದು.’

‘ಉತ್ತಮ ಗುಣಮಟ್ಟ’ ಎಂಬ ಎರಡು ಪದಗಳು ನಮ್ಮಂಥವರ ಪಾಲಿಗೆ ಬಲು ಅಪಾಯಕಾರಿ. ಅದನ್ನು ಅಳೆಯುವ ಕೋಲು ಇಲ್ಲವಾದ್ದರಿಂದ, ಅತಿ ಅಗ್ಗದ ಸೋಡಾ-ಸುಣ್ಣದ ಗಾಜನ್ನು ತಂದವರೂ ಉತ್ತಮ ಗುಣಮಟ್ಟದವರೇ ಆಗುತ್ತಾರೆ. ಪ್ರಕಟಣೆ ಹೊರಬಿದ್ದ ಮೇಲೆ ವಿಭಾಗಕ್ಕೆ ಹೋಗಿ ಮಾತನಾಡುವುದು ಸಲ್ಲದು. ಉಳಿದ ದಾರಿ ಬಿಡ್‌ಪೂರ್ವ ಸಭೆಗೆ ಲಿಖಿತ ಪ್ರಶ್ನೆ ಕಳಿಸುವುದೊಂದೇ. ಮೂರು ಪ್ರಶ್ನೆ ಕಳಿಸಿದೆ. ಗಾಜು ಬೊರೊಸಿಲಿಕೇಟ್ 3.3 (ಶಾಖಕ್ಕೂ ರಾಸಾಯನಿಕಕ್ಕೂ ತಾಳುವ ಪ್ರಯೋಗಾಲಯದ ಗಾಜು) ಆಗಿರಬೇಕೇ? ನಿಖರತೆ ಎ ದರ್ಜೆಯದೋ ಬಿ ದರ್ಜೆಯದೋ, ಏಕೆಂದರೆ 50 ಮಿಲೀ ಬ್ಯೂರೆಟ್ಟಿಗೆ ಮೊದಲನೆಯದರಲ್ಲಿ ±0.05 ಮಿಲೀ, ಎರಡನೆಯದರಲ್ಲಿ ±0.1 ಮಿಲೀ ವ್ಯತ್ಯಾಸಕ್ಕೆ ಅವಕಾಶವಿದೆ? ಬಿರಡೆ ಗಾಜಿನದೋ ಟೆಫ್ಲಾನಿನದೋ? ಪ್ರತಿ ಪ್ರಶ್ನೆಯ ಕೆಳಗೂ ಕಾರಣವನ್ನು ಎರಡು ಸಾಲಿನಲ್ಲಿ ಬರೆದೆ, ನಮ್ಮ ಕಂಪನಿಯ ಹೆಸರನ್ನಾಗಲಿ ಯಾವುದೇ ಬ್ರಾಂಡನ್ನಾಗಲಿ ಬರೆಯಲಿಲ್ಲ. ಇನ್ನೊಂದು ಐಟಂನಲ್ಲಿ ಅವರೇ ಒಂದು ತಯಾರಕರ ಕ್ಯಾಟಲಾಗ್ ಸಂಖ್ಯೆಯನ್ನು ನಮೂದಿಸಿದ್ದರು. ಅಲ್ಲಿ ‘ಅಥವಾ ತತ್ಸಮಾನ’ ಎಂದು ಸೇರಿಸಬೇಕೆಂದು ಕೋರಿದೆ. ಹತ್ತನೆಯ ದಿನ ತಿದ್ದೋಲೆ, ಅಂದರೆ ಟೆಂಡರ್ ಪುಸ್ತಕಕ್ಕೆ ಮಾಡಿದ ತಿದ್ದುಪಡಿಯ ಪತ್ರ, ಬಂತು. ಮೂರಕ್ಕೂ ಉತ್ತರವಿತ್ತು, ‘ತತ್ಸಮಾನ’ವೂ ಸೇರಿತ್ತು.

ತಿದ್ದೋಲೆಯಲ್ಲಿ ಕೇಳಿದವರ ಹೆಸರಿರುವುದಿಲ್ಲ, ಉತ್ತರ ಮಾತ್ರ ಎಲ್ಲ ಬಿಡ್‌ದಾರರಿಗೂ ಹೋಗುತ್ತದೆ. ನಮ್ಮ ಲೆಕ್ಕಪತ್ರ ನೋಡುವ ಹುಡುಗ ಅದನ್ನು ಓದಿ, “ಸರ್, ನಮ್ಮ ಪ್ರಶ್ನೆಯಿಂದ ಅವರಿಗೂ ದಾರಿ ತೋರಿಸಿದ ಹಾಗಾಯ್ತಲ್ಲ?” ಎಂದ. “ಆಯ್ತಪ್ಪ, ಆದರೆ ಈಗ ಎಲ್ಲರೂ ಒಂದೇ ಬ್ಯೂರೆಟ್ಟಿಗೆ ದರ ಬರೆಯಬೇಕಲ್ಲ” ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ.

ಈ ಟೆಂಡರಿನಲ್ಲಿ ಗುಣಮಟ್ಟಕ್ಕೆ 60, ದರಕ್ಕೆ 40 ಅಂಕ. ಅತಿ ಕಡಿಮೆ ದರವನ್ನು ನಮ್ಮ ದರದಿಂದ ಭಾಗಿಸಿ 40ರಿಂದ ಗುಣಿಸಿದರೆ ನಮ್ಮ ದರದ ಅಂಕ ಸಿಗುತ್ತದೆ. ನಮ್ಮದು 100, ಎದುರಾಳಿಯದು 90 ಎಂದಿಟ್ಟುಕೊಂಡರೆ ಅವರಿಗೆ 40, ನಮಗೆ 36; ಅಂದರೆ ದರದಲ್ಲಿ ಹತ್ತರ ಅಂತರವನ್ನು ಗುಣಮಟ್ಟದ 60ರಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕ ಗಳಿಸಿ ದಾಟಬಹುದು. ಅದೇ, ಅರ್ಹರಾದವರಲ್ಲಿ ಕನಿಷ್ಠ ದರದವರಿಗೇ ಆದೇಶ ಎನ್ನುವ ಟೆಂಡರಿನಲ್ಲಿ ಗುಣಮಟ್ಟ ಎಂದರೆ ಪಾಸು ಅಥವಾ ನಪಾಸು, ಅಷ್ಟೇ. ಷರತ್ತಿಗಿಂತ ಹೆಚ್ಚಿನದನ್ನು ಕೊಟ್ಟವನಿಗೆ ಅದರ ಖರ್ಚು ಮಾತ್ರ ದಕ್ಕುತ್ತದೆ. ಯಾವ ಬಗೆಯ ಟೆಂಡರ್ ಎಂಬುದನ್ನು ನೋಡದೆ ಎಲ್ಲ ಕಡೆಗೂ ಒಂದೇ ಬಿಡ್ಡನ್ನು ಹೆಸರು ಬದಲಿಸಿ ಕಳಿಸುವವರನ್ನು ನಾನು ಬಹಳ ನೋಡಿದ್ದೇನೆ, ಮೊದಲು ನಾನೂ ಹಾಗೆಯೇ ಮಾಡುತ್ತಿದ್ದೆ.

ಸಣ್ಣ ಕಾಲೇಜುಗಳಲ್ಲೂ ಶಾಲೆಗಳಲ್ಲೂ ಇಷ್ಟು ದೊಡ್ಡ ವ್ಯವಹಾರ ಇರುವುದಿಲ್ಲ. ಮೂರು ಕೊಟೇಶನ್ ತರಿಸಿ, ಪಾಠ ಮಾಡುವವರನ್ನು ಒಂದು ಮಾತು ಕೇಳಿ ತೀರ್ಮಾನಿಸುತ್ತಾರೆ. ಅಲ್ಲಿ ಎಡವಿಸುವುದು ಶೈಕ್ಷಣಿಕ ವೇಳಾಪಟ್ಟಿ. ಒಮ್ಮೆ ಶಾಲೆಯೊಂದಕ್ಕೆ ಸರಕು ತುಂಬಿದ ವಾಹನ ಹೋದಾಗ ರಜೆ ಆರಂಭವಾಗಿತ್ತು. ಗೇಟಿನಲ್ಲಿ ಕಾವಲುಗಾರರೊಬ್ಬರೇ ಇದ್ದರು, ಅವರಿಗೆ ಸ್ವೀಕರಿಸುವ ಅಧಿಕಾರವಿರಲಿಲ್ಲ. ವಾಹನ ಹಿಂದಿರುಗಿತು, ಆದರೆ ವಿಳಂಬದ ದಂಡಕ್ಕೆ ರಜೆಯಿರಲಿಲ್ಲ. ಈಗ ಸಂಸ್ಥೆಯ ಪರೀಕ್ಷೆ, ರಜೆ, ಪ್ರಾಯೋಗಿಕ ತರಗತಿಗಳ ದಿನಾಂಕಗಳನ್ನು ಮೊದಲು ತರಿಸಿಕೊಂಡು, ಅದರ ಮೇಲೆ ನಮ್ಮ ಸರಬರಾಜಿನ ದಿನಗಳನ್ನು ಗುರುತು ಮಾಡಿ ಆ ಪುಟವನ್ನೇ ಬಿಡ್‌ಗೆ ಲಗತ್ತಿಸುತ್ತೇವೆ. ಕೆಲವು ಸಮಿತಿಗಳು ಅದಕ್ಕೆ ಅಂಕವನ್ನೂ ಕೊಟ್ಟಿವೆ. ಬಿಲ್ಲಿನ ಹಣ ಬರುವವರೆಗಿನ ಬಡ್ಡಿಯನ್ನು ದರದಲ್ಲಿ ಸೇರಿಸಿಕೊಳ್ಳದವನು ಗೆದ್ದೂ ಸೋಲುತ್ತಾನೆ ಎಂಬುದು ಬೇರೆಯದೇ ಕಥೆ, ಇವತ್ತಿನದಲ್ಲ.

ಮಧ್ಯಾಹ್ನ ಮಾದರಿಗಳ ಪರೀಕ್ಷೆ ನಡೆಯಿತು. ಸಮಿತಿಯ ಪ್ರಾಧ್ಯಾಪಕರೊಬ್ಬರು ಮೂರೂ ಬ್ಯೂರೆಟ್‌ಗಳಿಗೆ ಸೊನ್ನೆಯ ಗೆರೆಯವರೆಗೆ ನೀರು ತುಂಬಿಸಿ ಬಿರಡೆಯನ್ನು ಮುಚ್ಚಿದರು. ಕೋಣೆಯಲ್ಲಿ ಎಲ್ಲರೂ ಗಾಜಿನ ತುದಿಯನ್ನೇ ನೋಡುತ್ತ ನಿಂತೆವು. ಕೆಲವು ನಿಮಿಷಗಳಲ್ಲಿ ಒಂದರ ತುದಿಯಲ್ಲಿ ನೀರಿನ ಮಣಿಯೊಂದು ದಪ್ಪವಾಗುತ್ತ ಬಂದು ಕೆಳಗೆ ಬಿತ್ತು, ಅದು ನಮ್ಮದಲ್ಲ. ಆಮೇಲೆ ಖಾನೆ ತೋರಿಸಿದ್ದ ಅದೇ ಸಹಾಯಕರನ್ನು ಕರೆಸಿದರು. ಅವರು ನನ್ನನ್ನು ಗುರುತಿಸಿದಂತೆ ತೋರಿಸಿಕೊಳ್ಳಲಿಲ್ಲ, ಅದೇ ಸರಿ. ನಮ್ಮ ಬ್ಯೂರೆಟ್ಟಿನ ಬಿರಡೆಯನ್ನು ಒಂದೇ ಕೈಯಲ್ಲಿ ತಿರುಗಿಸಿ ನೋಡಿ ತಲೆಯಾಡಿಸಿದರು. ಬಳಿಕ ಅಳತೆಯ ಗೆರೆಗಳ ಮೇಲೆ ಉಗುರಿನಿಂದ ಸವರಿ, “ಈ ಗೆರೆ ಮೇಲೆ ಹಚ್ಚಿದ ಬಣ್ಣವೋ, ಗಾಜಿನ ಒಳಗೆ ಇಳಿದದ್ದೋ? ಹಚ್ಚಿದ್ದಾದರೆ ತೊಳೆದು ತೊಳೆದು ಅಳಿಸಿಹೋಗುತ್ತದೆ, ಆಮೇಲೆ ಬ್ಯೂರೆಟ್ ಇದ್ದೂ ಇಲ್ಲದ ಹಾಗೆ” ಎಂದರು.

ಗಾಜಿನೊಳಕ್ಕೆ ಇಳಿಯುವ ಕಂದು ಬಣ್ಣದ ಗೆರೆಗಳು ಮೇಲೆ ಹಚ್ಚಿ ಸುಟ್ಟ ಎನಾಮೆಲ್ ಗೆರೆಗಳಿಗಿಂತ ಹೆಚ್ಚು ಬಾಳುತ್ತವೆ ಎಂಬುದು ನನಗೆ ಗೊತ್ತಿತ್ತು. ನಾವು ಕೊಟ್ಟ ಮಾದರಿ ಯಾವುದು ಎಂಬುದು ಗೊತ್ತಿರಲಿಲ್ಲ. ನನ್ನ ಮೂರು ಪ್ರಶ್ನೆಗಳಲ್ಲಿ ಗೆರೆಯ ಮಾತೇ ಇರಲಿಲ್ಲ, ಹಾಗಾಗಿ ತಿದ್ದೋಲೆಯಲ್ಲೂ ಇಲ್ಲ. ಮೂವರೂ ಶುಕ್ರವಾರ ಸಂಜೆಯೊಳಗೆ ಲಿಖಿತ ಸ್ಪಷ್ಟೀಕರಣ ಕೊಡಬೇಕೆಂದು ಅಧ್ಯಕ್ಷರು ಬರೆಸಿಕೊಂಡರು. ಕಚೇರಿಗೆ ಬಂದವನೇ ತಯಾರಕರಿಗೆ ಪತ್ರ ಕಳಿಸಿದ್ದೇನೆ. ರಾತ್ರಿ ಒಂಬತ್ತರವರೆಗೆ ಉತ್ತರ ಬಂದಿಲ್ಲ.