ರೊಕ್ಕ ಹೋದರೆ ವಾಪಸ್ ಬರೋ ದಾರಿ ಅದಾ?

ಕಲಬುರಗಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ತೊಗರಿ ಸೀಸನ್ನಿನಲ್ಲಿ ನಗದು, ಚೆಕ್, ಆರ್‌ಟಿಜಿಎಸ್ (ದೊಡ್ಡ ಮೊತ್ತವನ್ನು ಖಾತೆಯಿಂದ ಖಾತೆಗೆ ಕಳಿಸೋದು), ಯುಪಿಐ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗಬೇಕು. ಹೀಗಾಗಿ ಓಣಿಯವರು ಸಿಕ್ಕಾಗೆಲ್ಲ ಕೇಳತಾರೆ, "ಇದ್ರಾಗ ಯಾವುದು ಸೇಫ್ ಅದಾ ಹೇಳ್ರಿ?" ಕಳ್ಳ ಯಾವುದರಲ್ಲಿ ಕೈ ಹಾಕಬಹುದು ಅಂತ ನಾನು ನೋಡೋದಿಲ್ಲ, ಎಲ್ಲದರಲ್ಲೂ ಹಾಕಬಹುದು. ಹೋದ ರೊಕ್ಕವನ್ನು ವಾಪಸ್ ಕೊಡಿಸುವವರು ಯಾರಾದರೂ ಇದ್ದಾರಾ ಅಂತ ನೋಡತೀನಿ.

ನಗದಿಗೆ ಅಂಥವರು ಯಾರೂ ಇಲ್ಲ. ಆದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಗದ್ದಲದಲ್ಲಿ ಜೇಬು ಕತ್ತರಿಸಿದವನಿಗೆ ಜೇಬಿನಲ್ಲಿದ್ದಷ್ಟೇ ಸಿಗತದ, ಬ್ಯಾಂಕಿನಲ್ಲಿರೋದು ಅಲ್ಲೇ ಇರತದ. ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ನಾನು ಇವತ್ತಿಗೂ ಫೋನ್ ಮನೆಯಲ್ಲಿಟ್ಟು, ನೂರರ ನೋಟು ಇಟ್ಟುಕೊಂಡೇ ಹೋಗೋದು.

ಯುಪಿಐ ವಿಷಯ ಬೇರೆ. ನೋಂದಾಯಿಸಿದ ಸಿಮ್, ಅದೇ ಫೋನು, ಮೇಲೊಂದು ಪಿನ್: ಬೀಗವೇನೋ ಗಟ್ಟಿಯಾಗಿದೆ. ಅದಕ್ಕೇ ಕಳ್ಳರು ಬೀಗ ಒಡೆಯೋ ಗೋಜಿಗೆ ಹೋಗದೆ ಕೀಲಿ ಇರುವವರನ್ನೇ ಮಾತಾಡಿಸತಾರೆ. ನಮ್ಮ ಓಣಿಯ ಒಬ್ಬ ಹಿರಿಯರು ಹಳೇ ಸೋಫಾ ಮಾರಲು ಆನ್‌ಲೈನಿನಲ್ಲಿ ಹಾಕಿದ್ದರು. ಮಿಲಿಟರಿಯವ ಅಂತ ಹೇಳಿಕೊಂಡ ಒಬ್ಬ ಕ್ಯೂಆರ್ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ರೊಕ್ಕ ನಿಮ್ಮ ಖಾತೆಗೆ ಬರತದ" ಅಂದ. ಹಾಕಿದರು. ಬರಲಿಲ್ಲ, ಹೋಯಿತು. ರೊಕ್ಕ ಬರಬೇಕಾದರೆ ಪಿನ್ ಬೇಕಾಗೋದೇ ಇಲ್ಲ; ಪಿನ್ ಕೇಳಿದರು ಅಂದರೆ ನಿಮ್ಮ ಖಾತೆಯಿಂದ ಹೊರಟಿದೆ ಅಂತಲೇ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುತ್ತಿದ್ದ 'ಕಲೆಕ್ಟ್' ಕೋರಿಕೆಯನ್ನು, ಅಂದರೆ ಆಪ್‌ನಲ್ಲೇ ರೊಕ್ಕ ಕೇಳೋದನ್ನು, 2025ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಆಟ ಮಾತ್ರ ನಡದೇ ಅದ.

ಆ ಹಿರಿಯರು ಬ್ಯಾಂಕಿಗೆ ಹೋದಾಗ ಸಿಕ್ಕ ಉತ್ತರ: "ಪಿನ್ ನೀವೇ ಹಾಕೀರಿ." ಕೇಳೋಕೆ ಕಠೋರ, ಆದರೆ ನಿಯಮವೂ ಅದರ ಸುತ್ತಲೇ ಇದೆ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ರೊಕ್ಕ ಹೋಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಪಿನ್‌ನಂಥ ಗುಟ್ಟನ್ನು ನೀವೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಪೂರ್ತಿ ನಿಮ್ಮದು. ಅದಕ್ಕೇ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಬೆಳಗ್ಗೆ ಚಹಾ ಕುಡಿದು ಬ್ರಾಂಚಿಗೆ ಹೋಗೋಣ ಅಂದುಕೊಂಡರೆ ಅಷ್ಟರಲ್ಲಿ ರೊಕ್ಕ ಎಷ್ಟೋ ಖಾತೆ ದಾಟಿರತದ.

ಗುರುತಿಲ್ಲದ ಆನ್‌ಲೈನ್ ಅಂಗಡಿಯಾದರೆ ನನ್ನ ಮತ ಕ್ರೆಡಿಟ್ ಕಾರ್ಡಿಗೆ. ಸಾಲದ ಭಯಕ್ಕೆ ನಮ್ಮ ಕಡೆ ಅದನ್ನು ಮುಟ್ಟದವರೇ ಹೆಚ್ಚು, ಆ ಭಯವೂ ಸುಳ್ಳಲ್ಲ. ಆದರೆ ಮಾಲು ಬರಲಿಲ್ಲ ಅಂದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ರೊಕ್ಕ ವಾಪಸ್, ಕೇಳಬಹುದು, ಜಗಳ ನಡೆಯುವಷ್ಟು ದಿನ ನನ್ನ ಉಳಿತಾಯ ಖಾತೆ ಮುಟ್ಟದೆ ಇರತದ. ಡೆಬಿಟ್ ಕಾರ್ಡಿಗೂ ಚಾರ್ಜ್‌ಬ್ಯಾಕ್ ಉಂಟು, ಆದರೆ ಹೋಗೋದು ಮೊದಲು ನಮ್ಮ ರೊಕ್ಕವೇ. 2022ರ ಅಕ್ಟೋಬರಿನಿಂದ ಆನ್‌ಲೈನ್ ಅಂಗಡಿಗಳು ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಬರೋ ಸಂಕೇತ, ಅಂದರೆ ಟೋಕನ್ ಮಾತ್ರ. ಪಿನ್ ಇಲ್ಲದೆ ಕಾರ್ಡನ್ನು ಮಷೀನಿಗೆ ತಾಗಿಸಿ 5,000 ರೂಪಾಯಿವರೆಗೆ ಕೊಡೋ ಸೌಲಭ್ಯವನ್ನು ನನ್ನ ಹೆಂಡತಿ ಆಪ್‌ನಲ್ಲಿ ಬಂದ್ ಮಾಡಿಟ್ಟಿದ್ದಾಳೆ. ಒಳ್ಳೇದೇ ಮಾಡಿದಳು.

ಚೆಕ್ಕನ್ನು ಹಳೇದು ಅಂತ ನಗಬೇಡಿ. ಅಕೌಂಟ್ ಪೇಯಿ ಗೆರೆ ಎಳೆದರೆ ರೊಕ್ಕ ಯಾರ ಖಾತೆಗೆ ಹೋಯಿತು ಅನ್ನೋದಕ್ಕೆ ದಾಖಲೆ ಇರತದ, ಪಾಸಾಗುವ ಮೊದಲು ತಡೆಯಲೂ ಬಹುದು. ಆರ್‌ಟಿಜಿಎಸ್‌ನಲ್ಲಿ ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಫಜೀತಿ. ಕಳಿಸೋ ಮೊದಲೇ ಪಡೆಯುವವರ ಹೆಸರು ತೋರಿಸೋ ವ್ಯವಸ್ಥೆ 2025ರಲ್ಲಿ ಬಂದ ಮೇಲೆ ನನಗೆ ಸ್ವಲ್ಪ ನಿದ್ದಿ ಬರತದ.

ನಾನು ಮಾಡಿಕೊಂಡಿರೋ ವ್ಯವಸ್ಥೆ ಸಣ್ಣದು. ಯುಪಿಐಗೆ ಬೇರೆಯೇ ಒಂದು ಖಾತೆ, ಅದರಲ್ಲಿ ತಿಂಗಳ ಕಾಯಿಪಲ್ಲೆ, ಕಿರಾಣಿಗೆ ಸಾಕಾಗುವಷ್ಟು. ಪಗಾರ ಬರೋ ಖಾತೆಗೆ ಯಾವ ಆಪ್ಪೂ ಜೋಡಿಸಿಲ್ಲ.

ಇನ್ನು ಉಳಿದಿರೋದು ಜೇವರ್ಗಿ ಕಡೆ ಊರಲ್ಲಿರೋ ಅವ್ವನ ಖಾತೆ. ಆಕೆ ಪಿಂಚಣಿ ತೆಗೆಯೋದು ಆಧಾರ್ ಹೆಬ್ಬೆಟ್ಟಿನಿಂದ. ಆ ಹೆಬ್ಬೆಟ್ಟನ್ನು ಬೇರೆ ಯಾರೂ ಬಳಸದ ಹಾಗೆ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಮಾಡಿದರೆ ಪ್ರತಿ ಸಲ ಬಿಚ್ಚಿಕೊಡೋಕೆ ನಾನು ಬೇಕು. ಈಗ ಪಿಂಚಣಿ ಬಂದ ದಿನವೇ ಪೂರ್ತಿ ತೆಗೆದು ಕಿರಾಣಿಯವನಿಗೆ ನಗದು ಕೊಡತಾಳೆ. ಲಾಕ್ ಮಾತು ತೆಗೆದರೆ, "ಖಾತ್ಯಾಗ ಏನೂ ಇಲ್ಲ, ಕೀಲಿ ಯಾಕಪ್ಪಾ?" ಅಂತಾಳೆ.