ಒಂದೇ ಔಷಧಿ, ಎರಡು ವಯಲ್: ಕೀಮೋ ಕೋಣೆಯಲ್ಲಿ ಕಲಿತದ್ದು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ ಔಷಧಿ ತಯಾರಿಸುವ ಫಾರ್ಮಸಿಸ್ಟ್ ನಾನು. ಹೊಸದಾಗಿ ಸೇರುವ ಹುಡುಗ ಹುಡುಗಿಯರ ಮುಂದೆ ಮೊದಲು ಡಾಕ್ಸೊರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧಿಯ ಎರಡು ವಯಲ್ (ಪುಟ್ಟ ಗಾಜಿನ ಸೀಸೆ) ಇಡುತ್ತೇನೆ. ಎರಡೂ ಕೆಂಪು. ಒಂದು ತಿಳಿಯಾಗಿದೆ, ಇನ್ನೊಂದು ಸ್ವಲ್ಪ ಮಬ್ಬು. ಆ ಮಬ್ಬಿಗೆ ಕಾರಣ ಲೈಪೋಸೋಮ್‌ಗಳು. ಕೊಬ್ಬಿನ ಪದರದಿಂದ ಆದ ಪುಟಾಣಿ ಗೋಲಿಗಳು ಅವು, ಸುಮಾರು 100 ನ್ಯಾನೋಮೀಟರ್ ಅಗಲ. ಔಷಧಿ ಅವುಗಳ ಹೊಟ್ಟೆಯಲ್ಲಿದೆ. ಇಂಥ ಪುಟಾಣಿ ಕಣಗಳಲ್ಲಿ ಕೊಡುವುದನ್ನೇ ನ್ಯಾನೋ ಔಷಧಿ ಅನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ 1995ರಲ್ಲೇ ಅನುಮತಿ ಸಿಕ್ಕಿತ್ತು.

ಔಷಧಿ ಒಂದೇ ಅಲ್ವಾ ಅಂತ ಒಂದರ ಬದಲು ಇನ್ನೊಂದು ಕೊಡುವ ಹಾಗಿಲ್ಲ. ಗೋಲಿಗಳಿಲ್ಲದ ಮಾಮೂಲಿಯದನ್ನು ಬೇರೆ ಕೀಮೋ ಔಷಧಿ ಸೇರಿಸದೆ ಕೊಡುವಾಗ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 60ರಿಂದ 75 ಮಿ.ಗ್ರಾಂ, ಮೂರು ವಾರಕ್ಕೊಮ್ಮೆ. ಅಂಡಾಶಯದ ಕ್ಯಾನ್ಸರಿಗೆ ಕೊಡುವ ಲೈಪೋಸೋಮಲ್, ಅಂದರೆ ಗೋಲಿಯೊಳಗಿರುವುದು, ಅದೇ ಲೆಕ್ಕದಲ್ಲಿ 50 ಮಿ.ಗ್ರಾಂ, ನಾಲ್ಕು ವಾರಕ್ಕೊಮ್ಮೆ. ಅದಕ್ಕೇ ವಾರ್ಡಿನಿಂದ ಬರುವ ಇಂಡೆಂಟ್‌ನಲ್ಲಿ (ಔಷಧಿ ಕೇಳುವ ಚೀಟಿ) ಬರೀ 'ಡಾಕ್ಸೊ' ಅಂತಿದ್ದರೆ ನಾನು ವಯಲ್ ಮುಟ್ಟುವುದಿಲ್ಲ. ವಾರ್ಡಿಗೆ ಫೋನ್ ಮಾಡುತ್ತೇನೆ. "ಸಿಸ್ಟರ್, ಮಾಮೂಲಿಯದಾ, ಲೈಪೋಸೋಮಲ್ಲಾ? ಡಾಕ್ಟರ್ ಹತ್ರ ಪೂರ್ತಿ ಹೆಸರು ಬರೆಸಿ ಕಳಿಸಿ." ಬೆಳಗಿನ ಗಡಿಬಿಡಿಯಲ್ಲಿ ಅವರಿಗೆ ಬೇಜಾರಾಗುತ್ತದೆ. ಆದರೂ ಕೇಳಲೇಬೇಕು.

ಬೆರೆಸುವ ನೀರೂ ಬೇರೆ. ಲೈಪೋಸೋಮಲ್ ಡಾಕ್ಸೊರುಬಿಸಿನ್‌ಗೆ 5% ಡೆಕ್ಸ್ಟ್ರೋಸ್ ಮಾತ್ರ, ಸಲೈನ್ ಬೇಡ. ಡ್ರಿಪ್ ದಾರಿಯಲ್ಲಿ ಫಿಲ್ಟರ್ ಹಾಕಬಾರದು. ಫ್ರಿಜ್‌ನಲ್ಲಿಡಬೇಕು, ಆದರೆ ಹೆಪ್ಪುಗಟ್ಟಲು ಬಿಡಬಾರದು. ಹೆಪ್ಪುಗಟ್ಟಿದರೆ ಗೋಲಿಗಳು ಒಡೆಯಬಹುದು. ಒಡೆದ ಮೇಲೆ ಒಳಗಿನ ಔಷಧಿ ಹೊರಗೆ ಬರುತ್ತದೆ.

ಗೋಲಿ ಎಷ್ಟು ಮುಖ್ಯ ಅನ್ನುವುದು ಆಂಫೊಟೆರಿಸಿನ್ ಅನ್ನುವ ಫಂಗಸ್ ಔಷಧಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಊರೆಲ್ಲ ಹುಡುಕಿದ ಔಷಧಿ. ಲೈಪೋಸೋಮಲ್ ಸಿಗದೆ ಎಷ್ಟೋ ಕಡೆ ಮಾಮೂಲಿಯದನ್ನೇ ಬಳಸಬೇಕಾಯಿತು. ಮಾಮೂಲಿಯದು ಕಿಡ್ನಿಗೆ ಕಷ್ಟ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.5 ಮಿ.ಗ್ರಾಂ ದಾಟುವಂತಿಲ್ಲ. ಆ ಕಾಯಿಲೆಗೆ ಲೈಪೋಸೋಮಲ್ಲನ್ನು ಕಿಲೋಗೆ 5 ಮಿ.ಗ್ರಾಂನಿಂದ ಶುರು ಮಾಡುತ್ತಾರೆ. ಆ ಡೋಸ್‌ನಲ್ಲಿ ಮಾಮೂಲಿಯದನ್ನು ಕೊಟ್ಟರೆ ಹೃದಯ ನಿಂತುಹೋಗಬಹುದು. ಇದನ್ನು ಹೇಳುವಾಗ ಜೂನಿಯರ್‌ಗಳ ಮುಖ ನೋಡಿಯೇ ಹೇಳುತ್ತೇನೆ.

ಕೈ ಕೆಲಸದಲ್ಲೂ ಒಂದು ನಿಯಮ ಎಲ್ಲದಕ್ಕೂ ಆಗುವುದಿಲ್ಲ. ಲೈಪೋಸೋಮಲ್ ಆಂಫೊಟೆರಿಸಿನ್ ಪುಡಿಗೆ 12 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿದ ಕೂಡಲೇ 30 ಸೆಕೆಂಡ್ ಜೋರಾಗಿ ಕುಲುಕಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಇನ್ನೊಂದು ಕ್ಯಾನ್ಸರ್ ಔಷಧಿ. ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಹಾಗೆ ಮಾಡಿದರೆ ನೊರೆ ಏಳುತ್ತದೆ. ಅದಕ್ಕೆ 20 ಮಿ.ಲೀ. ಸಲೈನನ್ನು ವಯಲ್ ಗೋಡೆಗುಂಟ ಕನಿಷ್ಠ ಒಂದು ನಿಮಿಷ ನಿಧಾನವಾಗಿ ಇಳಿಸಬೇಕು. ಐದು ನಿಮಿಷ ಸುಮ್ನೆ ಬಿಡಬೇಕು. ಆಮೇಲೆ ಮೆಲ್ಲಗೆ ತಿರುಗಿಸಬೇಕು. ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಕರಗಿಸಲು ಬಳಸುವ ಹರಳೆಣ್ಣೆ ಮೂಲದ ದ್ರಾವಕ ಇದರಲ್ಲಿಲ್ಲ. ಆ ದ್ರಾವಕದ ಅಲರ್ಜಿಗೆ ಹೆದರಿ ಮೊದಲೇ ಕೊಡುವ ಸ್ಟೆರಾಯ್ಡ್ ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ರೋಗಿಯ ಮನೆಯವರು ಬಂದು ಕೇಳುತ್ತಾರೆ. "ಮೇಡಂ, ನ್ಯಾನೋ ಅಂದ್ರೆ ಗೆಡ್ಡೆಗೆ ಮಾತ್ರ ಹೋಗುತ್ತಂತೆ?" ಇಲ್ಲ ಅಂತ ಬಿಡಿಸಿ ಹೇಳುತ್ತೇನೆ. ಗೆಡ್ಡೆಯ ರಕ್ತನಾಳಗಳು ಸೋರುವಂಥವು, ಹಾಗಾಗಿ ಕಣಗಳು ಅಲ್ಲಿ ನುಸುಳುವುದು ನಿಜ. ಆದರೆ ಲಿವರ್, ಸ್ಪ್ಲೀನ್ ಬಹಳಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಒಂದು ಅಧ್ಯಯನದಲ್ಲಿ ಗೆಡ್ಡೆ ತಲುಪಿದ ಪಾಲಿನ ಮಧ್ಯದ ಅಂಕಿ 0.7% ಮಾತ್ರ. ಆದರೂ ಲೈಪೋಸೋಮಲ್ ಡಾಕ್ಸೊರುಬಿಸಿನ್‌ನಿಂದ ಹೃದಯಕ್ಕೆ ಆಗುವ ಹಾನಿ ಮಾಮೂಲಿಯದಕ್ಕಿಂತ ಕಡಿಮೆ. ಅಷ್ಟು ದುಡ್ಡು ಹೊಂದಿಸಿಕೊಂಡು ಬರುವವರಿಗೆ ಇದನ್ನೂ ಅದನ್ನೂ ಸೇರಿಸಿಯೇ ಹೇಳಬೇಕು.

ಲೈಪೋಸೋಮಲ್ ಡಾಕ್ಸೊರುಬಿಸಿನ್ ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತದೆ. ಅಂಗೈ, ಅಂಗಾಲು ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಇದರಲ್ಲಿ ಜಾಸ್ತಿ. ಹಾಗಾಗಿ ಡ್ರಿಪ್ ಮುಗಿಸಿ ಹೊರಡುವ ಅಮ್ಮಂದಿರಿಗೆ ಹೇಳುತ್ತೇನೆ: ಒಂದಷ್ಟು ದಿನ ಬಿಸಿ ನೀರಲ್ಲಿ ಕೈ ಅದ್ದಬೇಡಿ, ಪಾತ್ರೆ ತಿಕ್ಕುವುದನ್ನು ಬೇರೆಯವರಿಗೆ ಬಿಡಿ, ಬಿಗಿ ಚಪ್ಪಲಿ ಬೇಡ. ಉರಿ ಶುರುವಾದರೆ ಮುಂದಿನ ಡೋಸ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.