ಲೀಡ್ಸಿನ ಸೆಪ್ಟೆಂಬರ್ ಹೂವು, ಕಲಬುರಗಿಯ ಕಡ್ಲಿ ಕುಡಿ

"ಇವು ಏನು ತಪ್ಪು ಮಾಡಿದವು?" ಮೇ ಕೊನೆಯಲ್ಲಿ ಇಂಗ್ಲೆಂಡಿನ ಲೀಡ್ಸಿನ ನನ್ನ ಮನೆಯಲ್ಲಿ ಬೇಲಿ ಪಕ್ಕದ ಹೂಪಾತಿಯ ಗಿಡಗಳನ್ನು ನಾನು ಅರ್ಧಕ್ಕೆ ಕತ್ತರಿಸುವುದನ್ನು ಕಂಡು ಪಕ್ಕದ ಮನೆಯ ಪುಟ್ಟ ಹುಡುಗ ಕೇಳಿದ ಮಾತು ಇದು. ಹಸಿರಾಗಿ, ಮೊಣಕಾಲೆತ್ತರ ಬೆಳೆದು ನಿಂತ ಗಿಡವನ್ನು ಹೂವಿಗೆ ಮೊದಲೇ ಕಡಿದರೆ ಮಗುವಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಈಗ ಸೆಪ್ಟೆಂಬರ್. ಸುತ್ತಲಿನ ತೋಟಗಳಲ್ಲಿ ಗುಲಾಬಿ ಬಹುಪಾಲು ಮುಗಿದಿದೆ, ಅದೇ ಪಾತಿ ತುಂಬ ಹೂವು. ಆದರೂ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ. ಅದಕ್ಕೆ ಸರಿಯಾದ ಉತ್ತರ ಇರುವುದು ನಮ್ಮ ಕಲಬುರಗಿ ಕಡೆಯ ಎರೆಹೊಲದಲ್ಲಿ.

ಕಡ್ಲಿ ಬಿತ್ತಿ ಒಂದು ತಿಂಗಳಾಗುತ್ತಲೇ ನಮ್ಮ ಹೆಣ್ಣುಮಕ್ಕಳು ಹೊಲಕ್ಕೆ ಹೋಗಿ ಎಳೆ ಕುಡಿ ಚಿವುಟಿ ಉಡಿ ತುಂಬಿಕೊಂಡು ಬರುತ್ತಾರೆ. ಎಲೆಯ ಮೇಲಿನ ಹುಳಿ ಬೆರಳಿಗೆ ಚುರುಕು ಮುಟ್ಟಿಸುತ್ತದೆ, ಪಲ್ಯಕ್ಕೆ ಅದೇ ರುಚಿ. ಚಿವುಟಿದ ಗಿಡ ಮೇಲಕ್ಕೆ ಹೋಗುವುದನ್ನು ಬಿಟ್ಟು ಮಗ್ಗುಲಿಗೆ ಟಿಸಿಲೊಡೆಯುತ್ತದೆ, ಟಿಸಿಲು ಹೆಚ್ಚಿದಷ್ಟು ಹೂವು, ಹೂವಿದ್ದಷ್ಟು ಕಾಯಿ. ಹೂವು ಕಾಣಿಸಿಕೊಂಡ ಮೇಲೆ ಮಾತ್ರ ಯಾರೂ ಕುಡಿಗೆ ಕೈ ಹಚ್ಚುವುದಿಲ್ಲ. ತೊಗರಿಗೂ ಇದೇ ಲೆಕ್ಕ. ಬಿತ್ತಿದ 45–50 ದಿನಕ್ಕೆ ತುದಿ ಚಿವುಟಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ, ಅದಕ್ಕೆಂದೇ ಬ್ಯಾಟರಿ ಯಂತ್ರಗಳೂ ಬಂದಿವೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ತೊಗರಿ, ಮಳೆಗಾಲವೆಲ್ಲ ಹಸಿರಾಗಿಯೇ ಇದ್ದು ದೀಪಾವಳಿಯ ಆಸುಪಾಸಿಗೆ ಹಳದಿ ಹೂವು ಬಿಡುವ ಗಿಡ. ತಡವಾಗಿ ಹೂಬಿಡುವ ಗಿಡದ ಸ್ವಭಾವ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇಡ.

ಕಾರಣ ಸರಳ. ದಂಟಿನ ತುದಿಯ ಮೊಳಕೆ ಆಕ್ಸಿನ್ ಎಂಬ ರಸವನ್ನು ಕೆಳಕ್ಕೆ ಕಳಿಸುತ್ತ ಎಲೆಬುಡದ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಹೋದರೆ ಅವು ಏಳುತ್ತವೆ. ಬ್ರಿಟನ್ನಿನ ತೋಟಗಾರರು ಇದನ್ನು ಮಾಡುವುದು ಮೇ ಕೊನೆಯಲ್ಲಿ, ಲಂಡನ್ನಿನ ಚೆಲ್ಸಿ ಹೂಪ್ರದರ್ಶನದ ಹೊತ್ತಿಗೆ. ಹಾಗಾಗಿಯೇ ಅದಕ್ಕೆ ಚೆಲ್ಸಿ ಚಾಪ್ ಎಂಬ ಹೆಸರು. ತಡವಾಗಿ ಹೂಬಿಡುವ ಇಲ್ಲಿನ ಗಿಡಗಳಲ್ಲಿ ದಪ್ಪ ಎಲೆಯ ಸೀಡಮ್ ಗಿಡವನ್ನು ಅರ್ಧಕ್ಕೆ, ಹೆಲೀನಿಯಮ್ ಮತ್ತು ನ್ಯೂ ಇಂಗ್ಲೆಂಡ್ ಆಸ್ಟರನ್ನು ಮೂರನೇ ಒಂದು ಭಾಗದಷ್ಟು, ಎಲೆಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಬೇಕು. ಹೂವು ಎರಡರಿಂದ ನಾಲ್ಕು ವಾರ ತಡವಾಗುತ್ತದೆ, ಗಾತ್ರದಲ್ಲಿ ಚಿಕ್ಕದಾಗುತ್ತದೆ, ಆದರೆ ಎಣಿಕೆಯಲ್ಲಿ ಹೆಚ್ಚು. ಗಿಡ ಗಿಡ್ಡವಾಗುವುದರಿಂದ ಗಾಳಿಮಳೆಗೆ ಬೀಳುವುದಿಲ್ಲ. ಒಂದೇ ಬುಡದ ಮುಂದಿನ ದಂಟುಗಳನ್ನಷ್ಟೇ ಕತ್ತರಿಸಿ ಹಿಂದಿನವನ್ನು ಬಿಟ್ಟರೆ ಹಿಂದಿನವು ಮೊದಲು, ಮುಂದಿನವು ಆಮೇಲೆ ಅರಳಿ ಹೂಗಾಲ ಉದ್ದವಾಗುತ್ತದೆ. ನನಗೆ ಮೆಚ್ಚುಗೆಯಾದ ವಿಧಾನ ಇದೇ.

ತಪ್ಪಾಗುವುದು ಹೆಚ್ಚಾಗಿ ಹೊತ್ತಿನಲ್ಲಿ. ಜುಲೈಯಲ್ಲಿ ಕತ್ತರಿಸಿದರೆ ಕಟ್ಟುತ್ತಿದ್ದ ಮೊಗ್ಗೇ ಹೋಗುತ್ತದೆ, ಮತ್ತೆ ಬಂದರೂ ಹಿಮ ಸುಡುತ್ತದೆ. ಒಣಹವೆಯಲ್ಲಿ ಕತ್ತರಿಸಿ ನೀರು ಕೊಡದಿದ್ದರೆ ಗಿಡ ಚೇತರಿಸಿಕೊಳ್ಳುವುದಿಲ್ಲ. ಜಪಾನಿ ಅನಿಮೋನಿಗೆ ಈ ಕತ್ತರಿ ಬೇಡ, ಅದು ತಾನಾಗಿಯೇ ತಡ.

ಪಾತಿ ಕನಿಷ್ಠ ಒಂದೂವರೆ ಮೀಟರ್ ಅಗಲ ಇರಲಿ. ಹಿಂದೆ 1.2ರಿಂದ 1.5 ಮೀಟರ್ ಬೆಳೆಯುವ ಆಸ್ಟರ್, ನಡುವೆ 90 ಸೆಂಟಿಮೀಟರಿನ ಹೆಲೀನಿಯಮ್ ಮತ್ತು 60ರ ಆಸುಪಾಸಿನ ರುಡ್ಬೆಕಿಯಾ 'ಗೋಲ್ಡ್‌ಸ್ಟರ್ಮ್', ಎದುರಿಗೆ ಸೀಡಮ್. ಒಂದೊಂದು ಜಾತಿಯನ್ನೂ ಮೂರು ಅಥವಾ ಐದರ ಗುಂಪಾಗಿ, 45 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಎದ್ದು ಕಾಣುತ್ತದೆ, ಒಂಟಿ ಗಿಡಗಳ ಚೆಲ್ಲಾಪಿಲ್ಲಿ ಕಣ್ಣಿಗೆ ನಿಲ್ಲುವುದಿಲ್ಲ. ಸೀಡಮ್ಮಿಗೆ ಗೊಬ್ಬರ ಹಾಕಬಾರದು. ಕೊಬ್ಬಿದ ಮಣ್ಣಿನಲ್ಲಿ ದಂಟು ಮೆತ್ತಗಾಗಿ ಗಿಡ ನಡುವೆ ಸೀಳಿ ನಾಲ್ಕೂ ಕಡೆಗೆ ಮಲಗುತ್ತದೆ. ಆಸ್ಟರಿನಲ್ಲಿ ನ್ಯೂಯಾರ್ಕ್ ಜಾತಿಗೆ ಬೂದಿರೋಗ ಬಹಳ. ಬೇರು ಒಣಗಿ, ಗಿಡಗಳ ನಡುವೆ ಗಾಳಿಯಾಡದಿದ್ದರೆ ಎಲೆ ಬೆಳ್ಳಗಾಗುತ್ತದೆ. ನ್ಯೂ ಇಂಗ್ಲೆಂಡ್ ಜಾತಿ ಇದನ್ನು ತಡೆದುಕೊಳ್ಳುತ್ತದೆ, ಹೊಸಬರು ಅದನ್ನೇ ಕೊಳ್ಳಲಿ. ಮೂರು ವರ್ಷಕ್ಕೊಮ್ಮೆ ಮಾರ್ಚ್–ಏಪ್ರಿಲ್‌ನಲ್ಲಿ ಬುಡ ಅಗೆದು, ನಡುವಿನ ಕಟ್ಟಿಗೆಯಾದ ಭಾಗ ಎಸೆದು, ಅಂಚಿನ ಮೂರ್ನಾಲ್ಕು ಚಿಗುರಿರುವ ತುಂಡುಗಳನ್ನು ಮಾತ್ರ ಮತ್ತೆ ನೆಡಬೇಕು. ಆಗ ಬರುವ ಎಳೆ ಚಿಗುರಿಗೆ ಇಲ್ಲಿ ಗೊಂಡೆಹುಳುಗಳ (ಚಿಪ್ಪಿಲ್ಲದ ಬಸವನಹುಳು) ಕಾಟ, ಇರುಳು ಟಾರ್ಚ್ ಹಿಡಿದು ಆರಿಸಬೇಕಾಗುತ್ತದೆ. ಒಣಗಿದ ದಂಟುಗಳನ್ನು ಫೆಬ್ರವರಿ ಕೊನೆಯವರೆಗೂ ಕೀಳದೆ ಬಿಟ್ಟರೆ ಹಕ್ಕಿಗೆ ಬೀಜ ಸಿಗುತ್ತದೆ. ಚಳಿನಿದ್ದೆಗೆ ಹೋಗುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳುವ ಬಂಬಲ್ ರಾಣಿದುಂಬಿಗಳಿಗೂ ಈ ತಡದ ಹೂಗಳೇ ಆಸರೆ.

ನಮ್ಮ ಶೇವಂತಿ ಇವೇ ಆಸ್ಟರು, ಹೆಲೀನಿಯಮ್ಮುಗಳ ಕುಲದ್ದು. ಹೊಲದ ಕುಸುಬಿ, ಸೂರ್ಯಕಾಂತಿಯೂ ಅದೇ ಕುಲ. ಶೇವಂತಿ ವರ್ಷಗಟ್ಟಲೆ ಬಾಳುವ ಗಿಡ. ಊರಿನಲ್ಲಿ ಅದನ್ನು ದಸರಾ–ದೀಪಾವಳಿಗೆ ಕುಂಡದ ಸಮೇತ ಕೊಂಡು, ಹೂವು ಬಾಡುತ್ತಲೇ ಗಿಡವನ್ನೂ ತಿಪ್ಪೆಗೆ ಎಸೆಯುವುದು ನೆನಪಾದರೆ ಮನಸ್ಸಿಗೆ ನೋವಾಗುತ್ತದೆ. ಹೊಸ ಮನೆಗಳಲ್ಲಂತೂ ಕಾಂಪೌಂಡಿನ ಗೋಡೆಯವರೆಗೂ ಶಹಾಬಾದ್ ಫರಸಿ ಹಾಸಿ ಒಂದಡಿ ಮಣ್ಣೂ ಉಳಿಸಿರುವುದಿಲ್ಲ. ಕುಡಿ ಚಿವುಟುವ ಮರ್ಮ ಬಲ್ಲ ಊರು ತನ್ನ ಅಂಗಳಕ್ಕೆ ಅದನ್ನು ತರಲಿಲ್ಲವಲ್ಲ ಎಂಬ ಕೊರಗು ನನಗಿದೆ. ಗೋಡೆಗುಂಟ ಎರಡಡಿ ಅಗಲ ಫರಸಿ ಕಿತ್ತರೆ ಸಾಕು, ಶೇವಂತಿಯ ಪಾತಿಗೆ ಜಾಗವಾಗುತ್ತದೆ.

ಎರೆಮಣ್ಣು ನೀರು ಹಿಡಿದು ಬೇರು ಕೊಳೆಯಿಸುತ್ತದೆ. ಆದ್ದರಿಂದ ಪಾತಿಯನ್ನು ಗೇಣೆತ್ತರಕ್ಕೆ ಏರಿಸಿ, ಮರಳು ಮತ್ತು ಹಳೆಯ ತಿಪ್ಪೆಗೊಬ್ಬರ ಬೆರೆಸಿ. ಬೀದರಿನ ಕೆಂಪು ಮಣ್ಣಿನವರಿಗೆ ಈ ಕಷ್ಟ ಕಡಿಮೆ. ಹೂವು ಮುಗಿದ ಮೇಲೆ ಗಿಡವನ್ನು ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕತ್ತರಿಸಿದರೆ ಬುಡದ ಸುತ್ತ ಮರಿ ಏಳುತ್ತವೆ. ಕಲಬುರಗಿಯ ಬಿಸಿಲಿಗೆ ತಾಯಿಗಿಡ ನೆರಳಿಲ್ಲದೆ ಉಳಿಯದು. ಮಾರ್ಚಿನಿಂದ ಮಳೆ ಬರುವತನಕ ಅದನ್ನು ಬೇವಿನ ನೆರಳಿನಲ್ಲೋ ಹಸಿರು ಬಲೆಯ ಕೆಳಗೋ ಇಡಿ. ಜೂನ್–ಜುಲೈಯಲ್ಲಿ ಬೇರು ಸಮೇತ ಮರಿ ಬಿಡಿಸಿ ಒಂದಡಿಗೊಂದರಂತೆ ನೆಡಿ. ನಾಲ್ಕು ವಾರಕ್ಕೆ ಮೊದಲ ಸಲ, ಮತ್ತೆ ಎರಡು ಮೂರು ವಾರ ಬಿಟ್ಟು ಎರಡನೇ ಸಲ, ಕಡ್ಲಿ ಕುಡಿಯಂತೆಯೇ ತುದಿ ಚಿವುಟಿ. ಕೆಳಗಿನ ಎಲೆ ಕಪ್ಪುಚುಕ್ಕೆಯಾಗಿ ಒಣಗತೊಡಗಿದರೆ ಅವನ್ನು ಕಿತ್ತು ಸುಟ್ಟು, ಮುಂದೆ ನೀರನ್ನು ಎಲೆಗೆ ಬೀಳದಂತೆ ಬುಡಕ್ಕಷ್ಟೇ ಹಾಕಿ.

ಇನ್ನೊಂದು ಮುಖ್ಯ ಸಂಗತಿ ಬೆಳಕು. ಲೀಡ್ಸಿನಲ್ಲಿ ಜೂನ್ ಹಗಲು ಸುಮಾರು 17 ಗಂಟೆ, ಕಲಬುರಗಿಯಲ್ಲಿ 13. ಶೇವಂತಿ ಮೊಗ್ಗು ಕಟ್ಟುವುದು ಇರುಳು ಉದ್ದವಾದಾಗ. ಆದ್ದರಿಂದ ಇಲ್ಲಿ ತಡದ ಜಾತಿಗಳು ಅರಳುವ ಮೊದಲೇ ಹಿಮಕ್ಕೆ ಸಿಗುತ್ತವೆ, ನಮ್ಮ ಊರಿನಲ್ಲಿ ಆ ಭಯವೇ ಇಲ್ಲ. ಆದರೆ ನಮ್ಮ ಗೇಟುಗಳಲ್ಲಿ ಈಗ ರಾತ್ರಿಯಿಡೀ ಎಲ್‌ಇಡಿ ದೀಪ ಉರಿಯುತ್ತದೆ. ಹೂವು ತಡವಾಗಿ ಬರಲೆಂದು ಪಾಲಿಹೌಸ್ ಬೆಳೆಗಾರರು ನಡುರಾತ್ರಿ ಬಲ್ಬು ಹಚ್ಚುತ್ತಾರೆ, ಗೇಟಿನ ದೀಪ ಮಾಡುವುದೂ ಅದನ್ನೇ. ಗಿಡ ಹಸಿರಾಗಿ ಸೊಂಪಾಗಿದ್ದೂ ಮೊಗ್ಗು ಕಾಣದಿದ್ದರೆ ಗೊಬ್ಬರ ಸುರಿಯುವ ಮೊದಲು ತಲೆ ಎತ್ತಿ ದೀಪ ನೋಡಿ. ಆಗಸ್ಟ್‌ನಿಂದ ಆ ಮೂಲೆಗೆ ಇರುಳು ಬೆಳಕು ಬೀಳದಂತೆ ಮಾಡಿ, ಇಲ್ಲವೇ ಶೇವಂತಿಯ ಪಾತಿಯನ್ನು ಹಿತ್ತಲಲ್ಲಿ ಮಾಡಿಕೊಳ್ಳಿ.